ಡೊಮೇನ್ ಯಾರ ಬಳಿ ಕೊಳ್ಳುವುದು? ಎರಡನೆಯ ವರ್ಷದ ಬೆಲೆಯಿಂದ ಲೆಕ್ಕ ಹಾಕಿ

ಕಳೆದ ದೀಪಾವಳಿಗೆ ಮುಂಚೆ ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಮಗಳನ್ನು ಕರೆದುಕೊಂಡು ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ನನ್ನ ಕಚೇರಿಗೆ ಬಂದಿದ್ದರು. ಉಂಡೆ ಕೊಬ್ಬರಿಯನ್ನು ಮಂಡಿಗಷ್ಟೇ ಹಾಕದೆ ಊರೂರಿನ ಗಿರಾಕಿಗಳಿಗೆ ನೇರವಾಗಿ ಪಾರ್ಸೆಲ್ ಕಳುಹಿಸಬೇಕೆಂಬುದು ಅವರ ಯೋಜನೆ. ಅದಕ್ಕೊಂದು ವೆಬ್‌ಸೈಟ್ ಬೇಕು, ವೆಬ್‌ಸೈಟಿಗೊಂದು ಹೆಸರು, ಅಂದರೆ ಡೊಮೇನ್, ಬೇಕು. ಹೆಸರನ್ನು ಮಗಳೇ ಯೋಚಿಸಿ ಇಟ್ಟುಕೊಂಡಿದ್ದಳು. ಫೋನಿನಲ್ಲಿ ಬಂದ ಜಾಹೀರಾತನ್ನು ತೋರಿಸಿ, ‘ಮೇಡಂ, ವರ್ಷಕ್ಕೆ ನೂರ ನಲವತ್ತೊಂಬತ್ತು ರೂಪಾಯಿಯಂತೆ. ಇಲ್ಲೇ ತೆಗೆದುಕೊಳ್ಳೋಣವೇ?’ ಎಂದು ಕೇಳಿದಳು. ಮುಂದುವರಿಸು, ನೋಡೋಣ ಎಂದೆ. ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಮೊತ್ತ ರೂ. 6,842 ಆಗಿತ್ತು. ಹೆಚ್ಚಿಗೆ ಸೇರಿದ ಯಾವುದನ್ನೂ ಅವಳು ತಾನಾಗಿ ಆರಿಸಿರಲಿಲ್ಲ.

ಅಪ್ಪ ಮಗಳು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಿಂದಕ್ಕೆ ಹೋಗಿ ಒಂದೊಂದೇ ಪುಟ ತೆಗೆದೆ. ನಾವು ಕೇಳಿದ್ದು ಡಾಟ್ ಕಾಮ್ ಒಂದೇ. ಮೊದಲ ಪುಟದಲ್ಲೇ ಅದರ ಜೊತೆಗೆ ಇನ್ನೆರಡು ಎಕ್ಸ್‌ಟೆನ್ಷನ್‌ಗಳು (ಡಾಟ್ ಕಾಮ್‌ನಂತೆ ಹೆಸರಿನ ಕೊನೆಗೆ ಬರುವ ಭಾಗಗಳು) ‘ನಿಮ್ಮ ಬ್ರ್ಯಾಂಡ್ ಉಳಿಸಿಕೊಳ್ಳಿ’ ಎಂಬ ಸಾಲಿನಡಿ ಕಾರ್ಟ್‌ಗೆ ಸೇರಿಕೊಂಡಿದ್ದವು. ಎರಡನೆಯ ಪುಟದಲ್ಲಿ ಖಾಸಗಿತನದ ರಕ್ಷಣೆಗೆಂದು, ಅಂದರೆ ಹೆಸರು ಕೊಂಡವರ ವಿವರ ಹೊರಗಿನವರಿಗೆ ಕಾಣದಂತೆ ಮುಚ್ಚಿಡಲು, ಒಂದು ಮೊತ್ತ. ಮೂರನೆಯದರಲ್ಲಿ ಐದು ಇಮೇಲ್ ಖಾತೆಗಳ ಪ್ಯಾಕ್. ಆಮೇಲೆ ಎಸ್‌ಎಸ್‌ಎಲ್ ಪ್ರಮಾಣಪತ್ರ, ಅಂದರೆ ವೆಬ್‌ಸೈಟಿಗೂ ಗಿರಾಕಿಗೂ ನಡುವೆ ಸಾಗುವ ಮಾಹಿತಿಯನ್ನು ಗುಟ್ಟಾಗಿಡುವ ವ್ಯವಸ್ಥೆ. ಅವಧಿಯನ್ನು ಒಂದು ವರ್ಷದ ಬದಲು ಮೂರು ವರ್ಷಕ್ಕೆ ಇಟ್ಟಿದ್ದರು. ‘ಮುಂದುವರಿಯಿರಿ’ ಎಂಬ ಹಸಿರು ಗುಂಡಿ ಪರದೆಯ ಅಗಲಕ್ಕೂ ಹರಡಿಕೊಂಡಿತ್ತು. ‘ಬೇಡ’ ಎಂಬ ಪದ ಅದರ ಕೆಳಗೆ, ಬೂದು ಬಣ್ಣದಲ್ಲಿ, ಹೆಬ್ಬೆರಳಿಗೆ ಸಿಗದಷ್ಟು ಸಣ್ಣದಾಗಿತ್ತು. ಸಂತೆಯಲ್ಲಿ ಸೊಪ್ಪು ಕೊಂಡ ಮೇಲೆ ನಾವು ಕೊಸರು ಕೇಳುತ್ತೇವೆ, ಮಾರುವವಳು ನಕ್ಕು ಒಂದು ಹಿಡಿ ಹಾಕುತ್ತಾಳೆ. ಇಲ್ಲಿ ಕೇಳದೆಯೇ ಕೊಸರು ಹಾಕಿ ಅದಕ್ಕೂ ಲೆಕ್ಕ ಬರೆಯುತ್ತಾರೆ.

ಬೇಡದ್ದನ್ನೆಲ್ಲ ತೆಗೆದು ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದಾಗ ಮೊತ್ತ ತೆರಿಗೆ ಸೇರಿ ಇನ್ನೂರು ರೂಪಾಯಿಯ ಆಸುಪಾಸಿಗೆ ಬಂತು. ಅದರ ಕೆಳಗೆ ಒಂದು ಸಾಲು ಇತ್ತು: ನವೀಕರಣದ ದರ ವರ್ಷಕ್ಕೆ ರೂ. 1,499. ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು. ‘ಇದು ಮೊದಲೇ ಹೇಳಬೇಕಾದ ಮಾತಲ್ಲವೇ ಮೇಡಂ?’ ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದು. ಹತ್ತು ವರ್ಷಗಳಿಂದ ಈ ಜಿಲ್ಲೆಯ ಸಣ್ಣ ಅಂಗಡಿಗಳು, ನರ್ಸರಿಗಳು, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾ ಬಂದಿದ್ದೇನೆ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿಯನ್ನು ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಎರಡು ಸಂಗತಿ: ಎರಡನೆಯ ವರ್ಷಕ್ಕೆ ಎಷ್ಟು ಕಟ್ಟಬೇಕು, ಮತ್ತು ಬೇಡವೆನಿಸಿದ ದಿನ ಹೆಸರನ್ನು ಎತ್ತಿಕೊಂಡು ಹೊರಡಲು ಎಷ್ಟು ಸುಲಭ. ಮೊದಲ ವರ್ಷದ ಬೆಲೆಯನ್ನು ನಾನು ಕೊನೆಗೆ ನೋಡುತ್ತೇನೆ.

ನೂರ ನಲವತ್ತೊಂಬತ್ತು ರೂಪಾಯಿ ಹೇಗೆ ಸಾಧ್ಯ

ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆಯನ್ನು ಇಟ್ಟುಕೊಂಡಿರುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿ. ಅಂಥ ಸಂಸ್ಥೆಯನ್ನು ರಿಜಿಸ್ಟ್ರಿ ಎನ್ನುತ್ತಾರೆ. ನಮಗೆ ಹೆಸರು ಮಾರುವವರು ರಿಜಿಸ್ಟ್ರಾರ್‌ಗಳು. ಅವರು ಮಂಡಿಯ ಕಮಿಷನ್ ಏಜೆಂಟರಿದ್ದಂತೆ. 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ ಇವರಿಗೆ ಮಾನ್ಯತೆ ಕೊಡುತ್ತದೆ. ಡಾಟ್ ಇನ್ ಹೆಸರುಗಳ ರಿಜಿಸ್ಟ್ರಿ ನಮ್ಮ ದೇಶದ ನಿಕ್ಸಿ ಸಂಸ್ಥೆ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2005ರಿಂದ ಡಾಟ್ ಇನ್ ಎಲ್ಲರಿಗೂ ಸುಲಭವಾಗಿ ಸಿಗುತ್ತಿದೆ.

ವೆರಿಸೈನ್ ಪ್ರತಿ ಡಾಟ್ ಕಾಮ್‌ಗೆ ರಿಜಿಸ್ಟ್ರಾರ್‌ಗಳಿಂದ ವಸೂಲು ಮಾಡುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್‌ಗೆ ಏರಿತು. ಅದರ ಮೇಲೆ ಐಕ್ಯಾನ್‌ನ ಸಣ್ಣ ಶುಲ್ಕವಿದೆ. 18 ಸೆಂಟ್ ಇದ್ದದ್ದು 2025ರ ಜುಲೈಯಿಂದ 20 ಸೆಂಟ್ ಆಗಿದೆ. ಚಿಕ್ಕ ಕಂಪನಿಯಾಗಲಿ ದೊಡ್ಡ ಕಂಪನಿಯಾಗಲಿ, ಎಲ್ಲರಿಗೂ ಇದೇ ಅಸಲು. ಆದ್ದರಿಂದ ರೂ. 149ಕ್ಕೆ ಡಾಟ್ ಕಾಮ್ ಮಾರುವವನು ಆ ಹೊತ್ತಿಗೆ ನಷ್ಟದಲ್ಲಿ ಮಾರುತ್ತಿದ್ದಾನೆ. ಆ ನಷ್ಟವನ್ನು ಅವನು ಮುಂದೆ ತುಂಬಿಕೊಳ್ಳಲೇಬೇಕು: ಕಾರ್ಟ್‌ಗೆ ಸೇರಿಸುವ ಹೆಚ್ಚುವರಿ ಸಾಮಾನಿನಲ್ಲೋ, ಎರಡನೆಯ ವರ್ಷದ ದರದಲ್ಲೋ, ಇಲ್ಲವೇ ಎರಡರಲ್ಲೂ. ಇದನ್ನು ತಿಳಿದುಕೊಂಡರೆ ಪುಟದ ಮೇಲೆ ಪುಟ ಯಾಕೆ ಬರುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ವರ್ತಕರ ಮುಂದೆ ಒಂದು ಹಾಳೆಯ ಮೇಲೆ ಲೆಕ್ಕ ಬರೆದೆ. ಒಬ್ಬ ಮೊದಲ ವರ್ಷ ರೂ. 149, ಆಮೇಲೆ ರೂ. 1,499 ತೆಗೆದುಕೊಳ್ಳುತ್ತಾನೆ. ಇನ್ನೊಬ್ಬ ಪ್ರತಿ ವರ್ಷವೂ ರೂ. 1,100 ಎನ್ನುತ್ತಾನೆ ಎಂದಿಟ್ಟುಕೊಳ್ಳೋಣ. ಎರಡೂ ತೆರಿಗೆ ಬಿಟ್ಟು. ಮೂರು ವರ್ಷ ಕಳೆದಾಗ ಮೊದಲನೆಯವನಿಗೆ ಒಟ್ಟು ರೂ. 3,147 ಕೊಟ್ಟಿರುತ್ತೀರಿ, ಎರಡನೆಯವನಿಗೆ ರೂ. 3,300. ಅಲ್ಲಿಯವರೆಗೂ ಮೊದಲನೆಯವನೇ ಅಗ್ಗ. ನಾಲ್ಕನೆಯ ವರ್ಷಕ್ಕೆ ರೂ. 4,646 ಮತ್ತು ರೂ. 4,400, ಅಲ್ಲಿಂದ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಹತ್ತು ವರ್ಷಕ್ಕೆ ರೂ. 13,640 ಎದುರು ರೂ. 11,000.

ಒಂದು ಜಾತ್ರೆಗೋ, ಕಾಲೇಜಿನ ಒಂದು ಕಾರ್ಯಕ್ರಮಕ್ಕೋ ಒಂದೇ ವರ್ಷಕ್ಕೆ ಹೆಸರು ಬೇಕಿದ್ದರೆ ಅಗ್ಗದ ಕೊಡುಗೆಯನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಸ್ವಯಂ ನವೀಕರಣವನ್ನು ಅಂದೇ ನಿಲ್ಲಿಸಿಬಿಡಿ. ಅಂಗಡಿ ಅಪ್ಪನಿಂದ ಮಗಳಿಗೆ ಹೋಗುವಂಥದ್ದಾದರೆ ಒಂದೇ ದರ ಹೇಳುವವನ ಬಳಿಗೆ ಹೋಗಿ. ಮೊದಲ ವರ್ಷ ಅಗ್ಗಕ್ಕೆ ಕೊಂಡು ಆಮೇಲೆ ಬೇರೆಡೆಗೆ ವರ್ಗಾಯಿಸುವ ದಾರಿಯೂ ಇದೆ. ವರ್ಗಾವಣೆಗೆ ಕೊಡುವ ಹಣ ಸಾಮಾನ್ಯವಾಗಿ ಡಾಟ್ ಕಾಮ್‌ಗೆ ಇನ್ನೊಂದು ವರ್ಷವನ್ನು ಸೇರಿಸುತ್ತದೆ, ಹಾಗಾಗಿ ಅದು ವ್ಯರ್ಥವಲ್ಲ. ಆದರೆ ದಿನಾಂಕ ನೆನಪಿಟ್ಟುಕೊಂಡು ಆ ಕೆಲಸ ಮಾಡುವ ಶಿಸ್ತು ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು.

ಯಾವ ಬಗೆಯ ಮಾರಾಟಗಾರ ಯಾರಿಗೆ

ಗೋಡ್ಯಾಡಿ ಜಗತ್ತಿನಲ್ಲೇ ಅತಿ ಹೆಚ್ಚು ಡೊಮೇನ್‌ಗಳನ್ನು ನೋಡಿಕೊಳ್ಳುವ ರಿಜಿಸ್ಟ್ರಾರ್. 1997ರಲ್ಲಿ ಶುರುವಾದ ಅಮೆರಿಕದ ಕಂಪನಿ. ಬಿಗ್‌ರಾಕ್ ಮುಂಬೈನ ಡೈರೆಕ್ಟಿ ಬಳಗದಲ್ಲಿ ಹುಟ್ಟಿ ಈಗ ವಿದೇಶಿ ಒಡೆತನದಲ್ಲಿದೆ. ಇಂಥ ದೊಡ್ಡ ಅಂಗಡಿಗಳ ಅನುಕೂಲವೆಂದರೆ ಬೆಲೆ ರೂಪಾಯಿಯಲ್ಲಿರುತ್ತದೆ, ಯುಪಿಐನಲ್ಲಿ ಹಣ ಕಟ್ಟಬಹುದು, ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿದ ಬಿಲ್ ಸಿಗುತ್ತದೆ, ಫೋನ್ ಮಾಡಿದರೆ ಮಾತನಾಡುವ ಮನುಷ್ಯರಿರುತ್ತಾರೆ. ಜಿಎಸ್‌ಟಿ ನೋಂದಣಿ ಇರುವ ವರ್ತಕನಿಗೆ ಕೊನೆಯ ಎರಡು ಮಾತು ಸಣ್ಣವಲ್ಲ. ಶೇ 18 ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೋರಿಸಿಕೊಳ್ಳಬಹುದು. ಪ್ರಚಾರಕ್ಕೆ ಹೆಚ್ಚು ಖರ್ಚು ಮಾಡುವ ಅಂಗಡಿಗಳಲ್ಲಿ ಹೆಚ್ಚುವರಿ ಸೇವೆಗಳ ಪುಟಗಳೂ ಹೆಚ್ಚು. ಅವುಗಳನ್ನು ದಾಟಿ ಬರುವ ತಾಳ್ಮೆ ಇರುವವರಿಗೆ ಇವು ಕೆಟ್ಟ ಆಯ್ಕೆಯಲ್ಲ.

ಎರಡನೆಯ ಬಗೆಯವರು ಸರಳ ದರದವರು. ಕ್ಲೌಡ್‌ಫ್ಲೇರ್ ತಾನು ಕೊಟ್ಟ ಸಗಟು ದರಕ್ಕೇ ಮಾರುತ್ತದೆ, ಲಾಭ ಇಟ್ಟುಕೊಳ್ಳುವುದಿಲ್ಲ. ಮೊದಲ ವರ್ಷವೂ ಹತ್ತನೆಯ ವರ್ಷವೂ ಅದೇ ಲೆಕ್ಕ. ಆದರೆ ಅಲ್ಲಿ ಕೊಂಡ ಹೆಸರಿಗೆ ಕ್ಲೌಡ್‌ಫ್ಲೇರ್‌ನದೇ ನೇಮ್‌ಸರ್ವರ್ (ಹೆಸರು ಟೈಪ್ ಮಾಡಿದವರಿಗೆ ವೆಬ್‌ಸೈಟ್ ಎಲ್ಲಿದೆ ಎಂದು ದಾರಿ ತೋರಿಸುವ ಕಂಪ್ಯೂಟರ್) ಬಳಸಬೇಕು, ಮತ್ತು ಎಲ್ಲ ಎಕ್ಸ್‌ಟೆನ್ಷನ್‌ಗಳೂ ಅಲ್ಲಿ ಸಿಗುವುದಿಲ್ಲ. ಪೋರ್ಕ್‌ಬನ್ ಮತ್ತು ನೇಮ್‌ಚೀಪ್‌ಗಳು ಖಾಸಗಿತನದ ರಕ್ಷಣೆಯನ್ನು ಡಾಟ್ ಕಾಮ್‌ಗೆ ಉಚಿತವಾಗಿ ಕೊಡುತ್ತವೆ. ಇಲ್ಲಿನ ತೊಡಕು ಹಣ ಕಟ್ಟುವುದು. ದರ ಡಾಲರಿನಲ್ಲಿರುತ್ತದೆ, ಬ್ಯಾಂಕು ವಿನಿಮಯದ ಶುಲ್ಕ ಸೇರಿಸುತ್ತದೆ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ಪಾವತಿ ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ವಿದೇಶಿ ಕಂಪನಿಗಳ ಸ್ವಯಂ ನವೀಕರಣ ನಮ್ಮ ಕಾರ್ಡುಗಳಲ್ಲಿ ವಿಫಲವಾದದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಇವರ ಬಳಿ ಕೊಂಡರೆ ನವೀಕರಣದ ಹಣವನ್ನು ಎರಡು ತಿಂಗಳು ಮೊದಲೇ ಕೈಯಾರೆ ಕಟ್ಟಿ.

ಹೋಸ್ಟಿಂಗ್, ಅಂದರೆ ವೆಬ್‌ಸೈಟಿನ ಪುಟಗಳನ್ನು ಇಡುವ ಜಾಗದ ಜೊತೆ ಉಚಿತ ಡೊಮೇನ್ ಕೊಡುವವರು ಮೂರನೆಯವರು. ಉಚಿತ ಒಂದು ವರ್ಷಕ್ಕಷ್ಟೇ. ಹೋಸ್ಟಿಂಗ್ ಬೇಡವೆಂದು ಹಣ ಹಿಂದಕ್ಕೆ ಕೇಳಿದರೆ ಡೊಮೇನಿನ ಬೆಲೆಯನ್ನು ಹಿಡಿದುಕೊಳ್ಳುವ ಷರತ್ತು ಸಾಮಾನ್ಯ. ಮನೆಯೂ ಅಂಗಡಿಯೂ ಒಬ್ಬನೇ ಮಾಲೀಕನ ಬಾಡಿಗೆಯಲ್ಲಿದ್ದರೆ ಜಗಳವಾದ ದಿನ ಎರಡನ್ನೂ ಖಾಲಿ ಮಾಡಬೇಕಾಗುತ್ತದೆ. ಹೆಸರನ್ನೂ ಹೋಸ್ಟಿಂಗನ್ನೂ ಬೇರೆ ಬೇರೆ ಕಡೆ ಇಡುವುದು ನನ್ನ ಪದ್ಧತಿ.

ನಾಲ್ಕನೆಯವರು ನಮ್ಮ ಊರಿನವರೇ, ನನ್ನಂಥವರು: ವೆಬ್‌ಸೈಟ್ ಮಾಡಿಕೊಡುವ ಹುಡುಗ, ಕಂಪ್ಯೂಟರ್ ಅಂಗಡಿಯವರು. ಇವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಪಹಣಿ ಯಾರ ಹೆಸರಿನಲ್ಲಿದೆ

ಕ್ಯಾತ್ಸಂದ್ರದ ಕಡೆ ನರ್ಸರಿ ಇಟ್ಟುಕೊಂಡಿರುವ ಒಬ್ಬ ಹೆಣ್ಣುಮಗಳು ಎರಡು ವರ್ಷಗಳ ಹಿಂದೆ ನನ್ನ ಬಳಿ ಬಂದರು. ಅವರ ವೆಬ್‌ಸೈಟ್ ಒಂದು ಬೆಳಿಗ್ಗೆ ತೆರೆಯಲಿಲ್ಲ. ಅದನ್ನು ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದ, ಅವನ ಹಳೆಯ ನಂಬರ್ ಚಾಲ್ತಿಯಲ್ಲಿರಲಿಲ್ಲ. ಡೊಮೇನನ್ನು ಅವನು ತನ್ನ ಖಾತೆಯಲ್ಲಿ, ತನ್ನ ಇಮೇಲ್ ಹಾಕಿ ಕೊಂಡಿದ್ದ. ಕಪಟವೇನೂ ಇರಲಿಲ್ಲ, ಅವನಿಗೆ ಅದೇ ಸುಲಭವಾಗಿತ್ತು, ಇವರಿಗೆ ಕೇಳಬೇಕೆಂದು ತಿಳಿದಿರಲಿಲ್ಲ. ನವೀಕರಣದ ಎಚ್ಚರಿಕೆಗಳೆಲ್ಲ ಅವನು ತೆರೆಯದ ಇಮೇಲ್‌ಗೆ ಹೋಗಿದ್ದವು. ವಿಸಿಟಿಂಗ್ ಕಾರ್ಡಿನ ಮೇಲೆ, ಆಟೋಗಳ ಹಿಂದೆ, ಗಿಡದ ಪ್ರತಿ ಚೀಲದ ಮೇಲೆ ಅಚ್ಚಾಗಿದ್ದ ಹೆಸರು ಅವರದಾಗಿರಲೇ ಇಲ್ಲ. ‘ಉಳುಮೆ ನಮ್ಮದು, ಪಹಣಿ ಬೇರೆಯವರದು’ ಎಂದು ಅವರೇ ಹೇಳಿದರು. ಹೊಸ ಹೆಸರು ಕೊಂಡು ಚೀಲಗಳನ್ನು ಮತ್ತೆ ಅಚ್ಚು ಹಾಕಿಸಿದರು.

ಆದ್ದರಿಂದ ಯಾರ ಕೈಯಲ್ಲಿ ಕೊಳ್ಳಿಸಿದರೂ ಸರಿ, ಖಾತೆ ನಿಮ್ಮದಾಗಿರಲಿ. ನಿಮ್ಮ ಕುಟುಂಬದ ಹಿಡಿತದಲ್ಲಿರುವ ಇಮೇಲ್, ನಿಮ್ಮ ಮೊಬೈಲ್ ನಂಬರ್, ನೋಂದಣಿದಾರರ ಜಾಗದಲ್ಲಿ ನಿಮ್ಮ ಅಥವಾ ಸಂಸ್ಥೆಯ ಹೆಸರು. ವೆಬ್‌ಸೈಟ್ ಮಾಡುವವರು ಪಕ್ಕದಲ್ಲಿ ಕುಳಿತು ಸಹಾಯ ಮಾಡಲಿ, ಒಟಿಪಿ ನಿಮ್ಮ ಫೋನಿಗೇ ಬರಲಿ. ಇದಕ್ಕೆ ಒಪ್ಪದವರಿಂದ ವೆಬ್‌ಸೈಟನ್ನೂ ಮಾಡಿಸಬೇಡಿ. ಆ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು ಎಂಬುದನ್ನೂ ಗಮನಿಸಿ. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಬೀಗದ ಕೈ ಬೀಗದ ಒಳಗೇ ಉಳಿಯುತ್ತದೆ.

ಕೊಂಡ ಕೂಡಲೇ ನಿಮ್ಮ ಇಮೇಲ್ ದೃಢೀಕರಿಸಿ ಎಂಬ ಪತ್ರವೊಂದು ಬರುತ್ತದೆ. ಡಾಟ್ ಕಾಮ್‌ಗೆ ಹದಿನೈದು ದಿನಗಳೊಳಗೆ ಅದನ್ನು ಒತ್ತದಿದ್ದರೆ ವೆಬ್‌ಸೈಟ್ ನಿಂತುಹೋಗಬಹುದು. ಇದು ಐಕ್ಯಾನ್‌ನ ನಿಯಮ, ಮಾರಾಟದ ತಂತ್ರವಲ್ಲ. ಡಾಟ್ ಇನ್‌ಗೆ ಗುರುತಿನ ದಾಖಲೆಯನ್ನೂ ಕೇಳಬಹುದು. ಎಲ್ಲವನ್ನೂ ಅನುಮಾನದಿಂದ ನೋಡಿ ಅಸಲಿ ಪತ್ರವನ್ನೇ ಅಳಿಸಿಬಿಡಬೇಡಿ.

ಯಾವ ಹೆಚ್ಚುವರಿ ಬೇಕು, ಯಾವುದು ಬೇಡ

ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಸಣ್ಣ ಅಂಗಡಿಯವರು ಹಣ ಕೊಡಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಕೊನೆಯಿಂದಲೂ ಅದನ್ನು ಉಚಿತವಾಗಿ ಕೊಡುತ್ತಿದೆ, ಹೋಸ್ಟಿಂಗ್ ಕೊಡುವ ಬಹುಪಾಲು ಕಂಪನಿಗಳು ತಾವಾಗಿಯೇ ಅಳವಡಿಸುತ್ತವೆ. ಖಾಸಗಿತನದ ರಕ್ಷಣೆ ಡಾಟ್ ಕಾಮ್‌ಗೆ ಅವಶ್ಯ, ಆದರೆ ಅದಕ್ಕೆ ಬೆಲೆ ಕಟ್ಟುವ ಅಂಗಡಿಯನ್ನು ಬಿಟ್ಟು ಉಚಿತವಾಗಿ ಕೊಡುವಲ್ಲಿಗೆ ಹೋಗಿ. ಹಿಂದೊಮ್ಮೆ ಒಬ್ಬ ಗಿರಾಕಿಗೆ ಆ ರಕ್ಷಣೆಯಿಲ್ಲದೆ ಡೊಮೇನ್ ಕೊಡಿಸಿದ್ದೆ. ಮರುದಿನ ಬೆಳಗಿನಿಂದ ವಾರದವರೆಗೆ ಅವರ ಫೋನಿಗೆ ‘ವೆಬ್‌ಸೈಟ್ ಮಾಡಿಕೊಡುತ್ತೇವೆ, ಲೋಗೋ ಮಾಡಿಕೊಡುತ್ತೇವೆ’ ಎಂಬ ಕರೆಗಳು ಎಡೆಬಿಡದೆ ಬಂದವು. ಡಾಟ್ ಇನ್ ವಿಷಯ ಬೇರೆ: ಅಲ್ಲಿ ನೋಂದಣಿದಾರರ ಹೆಸರಿನ ಬದಲು ಬೇರೆಯವರ ಹೆಸರು ಹಾಕಿ ಮರೆಮಾಚುವ ಸೇವೆಗೆ ನಿಯಮವೇ ಅವಕಾಶ ಕೊಡುವುದಿಲ್ಲ. ಡಾಟ್ ಇನ್‌ಗೆ ಆ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

ಇಮೇಲ್ ಪ್ಯಾಕ್ ಬಹಳ ಜನರಿಗೆ ಮೊದಲ ದಿನ ಬೇಡ. ಹುಡುಕಾಟದಲ್ಲಿ ಮೊದಲು ಬರುವಂತೆ ಮಾಡುತ್ತೇವೆ ಎಂಬ ತಿಂಗಳ ಸೇವೆ ಯಾರಿಗೂ ಬೇಡ.

ಇನ್ನೊಂದು ಹೆಸರು ಕೊಳ್ಳಿ ಎಂದಾಗ ಮಾತ್ರ ನಾನು ಯೋಚಿಸುತ್ತೇನೆ, ಏಕೆಂದರೆ ನಮ್ಮ ಊರಿನ ವಿಷಯದಲ್ಲಿ ಅದು ಕೆಲವೊಮ್ಮೆ ಸರಿಯಾದ ಸಲಹೆ. 2014ರ ನವೆಂಬರ್ 1ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯದಕ್ಕೆ ನಡುವೆ ಒಂದು ‘ಎ’, ಕೊನೆಗೆ ಒಂದು ‘ಯು’ ಸೇರಿತು. ವರ್ಷಗಳು ಕಳೆದರೂ ಅರ್ಧ ಜನ ಹಳೆಯ ರೀತಿಯಲ್ಲೇ ಟೈಪ್ ಮಾಡುತ್ತಾರೆ. ಚಿಕ್ಕಬಳ್ಳಾಪುರದವರ ಕಷ್ಟ ಇನ್ನೂ ದೊಡ್ಡದು, ‘ಚಿಕ್ಕ’ದಲ್ಲಿ ಎಷ್ಟು ‘ಕೆ’, ‘ಬಳ್ಳಾ’ದಲ್ಲಿ ಎಷ್ಟು ‘ಎಲ್’ ಎಂಬುದರಲ್ಲೇ ಒಮ್ಮತವಿಲ್ಲ. ನಿಮ್ಮ ಅಂಗಡಿಯ ಹೆಸರಿನಲ್ಲಿ ಊರಿನ ಹೆಸರಿದ್ದರೆ ಎರಡೂ ಕಾಗುಣಿತ ಕೊಂಡು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿಸಿ. ಸಾಧ್ಯವಾದರೆ ಊರಿನ ಹೆಸರನ್ನೇ ಬಿಟ್ಟು ಚಿಕ್ಕ ಹೆಸರು ಹುಡುಕಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳಬೇಕು. ಕೊಳ್ಳುವ ಮುಂಚೆ ಇಬ್ಬರಿಗೆ ಫೋನ್ ಮಾಡಿ ಪರೀಕ್ಷಿಸಿ.

ಡಾಟ್ ಕಾಮ್, ಡಾಟ್ ಇನ್ ನಡುವೆ ನನ್ನ ಗಿರಾಕಿಗಳಿಗೆ ನಾನು ಡಾಟ್ ಇನ್ ಎಂದೇ ಹೇಳುತ್ತೇನೆ. ಮಾರುವುದು ನಮ್ಮ ದೇಶದವರಿಗೆ, ಒಳ್ಳೆಯ ಹೆಸರುಗಳು ಅಲ್ಲಿ ಇನ್ನೂ ಉಳಿದಿವೆ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳನ್ನೆಲ್ಲ 2025ರ ಅಕ್ಟೋಬರ್ ಒಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬರಲು ಹೇಳಿದ ಮೇಲೆ ಆ ಎರಡಕ್ಷರ ಜನರ ಕಣ್ಣಿಗೆ ಇನ್ನಷ್ಟು ಪರಿಚಿತವಾಗಿದೆ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರುಗಳನ್ನೂ ನಿಕ್ಸಿ ಕೊಡುತ್ತದೆ. ಇಮೇಲ್‌ಗೆ ಅದನ್ನು ಎಲ್ಲ ಕಡೆ ಒಪ್ಪುವುದಿಲ್ಲವಾದ್ದರಿಂದ ಮುಖ್ಯ ಹೆಸರಾಗಿ ಇಡಲು ಹೇಳುವುದಿಲ್ಲ. ಆದರೆ ಅಂಗಡಿಯ ಬೋರ್ಡಿನ ಮೇಲೆ ಪೂರ್ತಿ ಕನ್ನಡದಲ್ಲಿ ಬರೆದ ವಿಳಾಸವನ್ನು ಓದಿ, ಹಾಗೆಯೇ ಕನ್ನಡದಲ್ಲಿ ಟೈಪ್ ಮಾಡಿದರೆ ಪುಟ ತೆರೆಯುತ್ತದೆ. ಅದನ್ನು ಮೊದಲ ಬಾರಿ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಎರಡನೆಯ ಹೆಸರಾಗಿ ಇಟ್ಟುಕೊಳ್ಳಲು ಯೋಗ್ಯ.

ಗಡುವು ತಪ್ಪಿದರೆ, ಬಿಟ್ಟು ಹೋಗಬೇಕಾದರೆ

ಹೋಲಿಸುವಾಗ ಯಾರೂ ನೋಡದ ಎರಡು ಪುಟಗಳಿವೆ. ಒಂದು, ಅವಧಿ ಮುಗಿದ ಹೆಸರನ್ನು ವಾಪಸ್ ಪಡೆಯುವ ಶುಲ್ಕ. ಡಾಟ್ ಕಾಮ್‌ನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಗರಿಷ್ಠ 45 ದಿನಗಳವರೆಗೆ ಮಾಮೂಲಿ ದರದಲ್ಲಿ ನವೀಕರಿಸಲು ಬಿಡಬಹುದು. ಎಷ್ಟು ದಿನ ಎಂಬುದು ಅವರವರ ಮರ್ಜಿ. ಅವರು ಅಳಿಸಿದ ಮೇಲೆ 30 ದಿನ ‘ರಿಡೆಂಪ್ಷನ್’ ಎಂಬ ಹಂತವಿದೆ. ಆಗ ಹೆಸರು ಬಿಡಿಸಿಕೊಳ್ಳಲು ನವೀಕರಣದ ದರಕ್ಕಿಂತ ಹಲವು ಪಟ್ಟು ಕೇಳುತ್ತಾರೆ, ಗಿರವಿ ಇಟ್ಟ ಒಡವೆ ಬಿಡಿಸಿಕೊಂಡಂತೆ. ಆಮೇಲೆ ಐದು ದಿನ ಕಾದು ಹೆಸರು ಯಾರು ಬೇಕಾದರೂ ಕೊಳ್ಳುವಂತಾಗುತ್ತದೆ. ಈ ಶುಲ್ಕವನ್ನು ರಿಜಿಸ್ಟ್ರಾರ್ ಮುಂಚಿತವಾಗಿ ಪ್ರಕಟಿಸಬೇಕೆಂಬುದು ಐಕ್ಯಾನ್ ನಿಯಮ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮತ್ತು ಮುಗಿದ ಐದು ದಿನಗಳೊಳಗೆ ಅವರು ತಿಳಿಸಲೇಬೇಕು. ಈ ಶುಲ್ಕದ ಪುಟ ಹುಡುಕಿದರೂ ಸಿಗದ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

ಇನ್ನೊಂದು, ಹೊರಹೋಗುವ ದಾರಿ. ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಮೊದಲು ಅದರ ಲಾಕ್ ತೆಗೆಯಬೇಕು, ಆಮೇಲೆ ಒಂದು ರಹಸ್ಯ ಕೋಡ್ ಬೇಕು. ಕೇಳಿದ ಐದು ದಿನಗಳೊಳಗೆ ಅದನ್ನು ಕೊಡಬೇಕೆಂಬ ನಿಯಮವಿದೆ. ಒಳ್ಳೆಯ ಅಂಗಡಿಗಳಲ್ಲಿ ಖಾತೆಯ ಒಳಗೇ ಒಂದು ಗುಂಡಿ ಒತ್ತಿದರೆ ಕೋಡ್ ಕಾಣುತ್ತದೆ. ಕೆಲವರು ಫೋನ್ ಮಾಡಿ ಕಾರಣ ಹೇಳಿ ಎನ್ನುತ್ತಾರೆ, ರಿಯಾಯಿತಿಯ ಆಸೆ ತೋರಿಸುತ್ತಾರೆ. ಕೊಳ್ಳುವ ಮುಂಚೆಯೇ ಅವರ ಸಹಾಯ ಪುಟದಲ್ಲಿ ವರ್ಗಾವಣೆಯ ವಿಧಾನ ಓದಿ. ಹೊಸದಾಗಿ ಕೊಂಡ ಅಥವಾ ಈಗಷ್ಟೇ ವರ್ಗಾಯಿಸಿದ ಡಾಟ್ ಕಾಮ್ ಸಾಮಾನ್ಯವಾಗಿ 60 ದಿನ ಎಲ್ಲಿಗೂ ಹೋಗುವಂತಿಲ್ಲ. ನೋಂದಣಿದಾರರ ಹೆಸರು ಅಥವಾ ಇಮೇಲ್ ಬದಲಿಸಿದರೂ ಕೆಲವು ಕಡೆ ಮತ್ತೆ 60 ದಿನ ತಡೆ ಬೀಳುತ್ತದೆ, ಆದ್ದರಿಂದ ಹೊರಡುವ ಮುನ್ನಾದಿನ ವಿವರ ತಿದ್ದಲು ಹೋಗಬೇಡಿ. ಅವಧಿ ಮುಗಿಯಲು ಎರಡು ತಿಂಗಳಾದರೂ ಇರುವಾಗ ಶುರುಮಾಡಿ.

ಅಂಚೆಯಲ್ಲೋ ಇಮೇಲ್‌ನಲ್ಲೋ ಬೇರೆ ಯಾವುದೋ ಕಂಪನಿಯಿಂದ ‘ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ, ಈ ಮೊತ್ತ ಕಟ್ಟಿ’ ಎಂಬ ಬಿಲ್ಲಿನಂಥ ಪತ್ರವೂ ಬರಬಹುದು. ಹಣ ಕಟ್ಟಿದರೆ ಹೆಸರು ನಿಮಗೆ ಗೊತ್ತಿಲ್ಲದೆ ಅವರ ಬಳಿಗೆ ಹೋಗುತ್ತದೆ, ಇಲ್ಲವೇ ಹಣ ಮಾತ್ರ ಹೋಗುತ್ತದೆ. ನವೀಕರಣವನ್ನು ಯಾವಾಗಲೂ ನೀವೇ ನಿಮ್ಮ ಖಾತೆಗೆ ಹೋಗಿ ಮಾಡಿ, ಪತ್ರದಲ್ಲಿನ ಲಿಂಕ್ ಒತ್ತಿ ಅಲ್ಲ.

ದೂರು ಕೊಡಬಹುದು

ಕೇಳದ ಸಾಮಾನನ್ನು ಕಾರ್ಟ್‌ಗೆ ತುರುಕುವುದು ಕೇವಲ ಕೆಟ್ಟ ಅಭ್ಯಾಸವೆಂದು ಸುಮ್ಮನಿರಬೇಕಾಗಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಅದು ಹೆಸರಿಸಿದೆ. ಒಪ್ಪಿಗೆಯಿಲ್ಲದೆ ಕಾರ್ಟ್‌ಗೆ ಸೇರಿಸುವುದು, ‘ಇನ್ನು ಹತ್ತೇ ನಿಮಿಷ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಬೆಲೆಯನ್ನು ಹನಿಹನಿಯಾಗಿ ತೋರಿಸುವುದು, ‘ಬೇಡ, ನನ್ನ ವ್ಯವಹಾರಕ್ಕೆ ರಕ್ಷಣೆ ಬೇಕಿಲ್ಲ’ ಎಂದು ಬರೆದು ನಾಚಿಸುವುದು, ಚಂದಾ ನಿಲ್ಲಿಸಲು ಆಗದಂತೆ ಸಿಕ್ಕಿಸುವುದು ಎಲ್ಲವೂ ಅದರಲ್ಲಿವೆ. ಭಾರತದಲ್ಲಿ ಸೇವೆ ಮಾರುವ ವೇದಿಕೆಗಳಿಗೆಲ್ಲ ಅದು ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆ ಮಾಡುವ ಮೊದಲು ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ. ಅದಿಲ್ಲದಿದ್ದರೆ ನಾವೇ ಆರಿಸಿದ್ದೆವು ಎಂದು ಅವರು ಹೇಳುವುದು ಸುಲಭ.

ಆ ದಿನ ಕೊಬ್ಬರಿ ವರ್ತಕರು ಕೊನೆಗೆ ಆರಿಸಿದ್ದು ಡಾಟ್ ಇನ್. ನವೀಕರಣದ ದರವನ್ನು ಮೊದಲ ಪುಟದಲ್ಲೇ ತೋರಿಸಿದ, ರೂಪಾಯಿಯಲ್ಲಿ ಬಿಲ್ ಕೊಡುವ ಒಂದು ರಿಜಿಸ್ಟ್ರಾರ್ ಬಳಿ ಎರಡು ವರ್ಷಕ್ಕೆ ಕೊಂಡರು. ಖಾತೆ ಅವರ ಹೆಸರಿನಲ್ಲಿ, ಇಮೇಲ್ ಮಗಳದು, ಒಟಿಪಿ ಅಪ್ಪನ ಫೋನಿಗೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗೆ ಕರೆದಿದ್ದರು, ಹೋಗಿದ್ದೆ. ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಮೊದಲ ಹಾಳೆಯಲ್ಲಿ ಶ್ರೀಕಾರದ ಕೆಳಗೆ ಜಿಎಸ್‌ಟಿ ಸಂಖ್ಯೆ, ಅದರ ಕೆಳಗೆ ಮಗಳ ದುಂಡು ಅಕ್ಷರದಲ್ಲಿ ಡೊಮೇನಿನ ಹೆಸರು, ಕೊಂಡ ಕಂಪನಿ, ಅವಧಿ ಮುಗಿಯುವ ತಾರೀಖು, ಮತ್ತು ಅದಕ್ಕಿಂತ ಎರಡು ತಿಂಗಳು ಹಿಂದಿನ ಇನ್ನೊಂದು ತಾರೀಖು. ಆ ಎರಡನೆಯ ತಾರೀಖಿಗೆ ಕೆಂಪು ಗೆರೆ ಎಳೆದಿದ್ದಳು.